ಕ್ಲೀವ್ಡ್ ಕ್ಯಾಸ್ಪೇಸ್-3 ಆ್ಯಂಟಿಬಾಡಿ: ಆಯ್ಕೆಯಿಂದ ಬ್ಲಾಟ್ ಓದುವವರೆಗೆ

ಕೋಶಗಳಿಗೆ ಔಷಧ ಹಾಕಿ ಮರುದಿನ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅರ್ಧಕ್ಕರ್ಧ ದುಂಡಗಾಗಿ, ತಳ ಬಿಟ್ಟು ತೇಲುತ್ತಿದ್ದರೆ ಅವು ಸಾಯುತ್ತಿವೆ ಎನ್ನಲು ಆ್ಯಂಟಿಬಾಡಿ (ಒಂದು ನಿರ್ದಿಷ್ಟ ಗುರಿಗೆ ಮಾತ್ರ ಅಂಟಿಕೊಳ್ಳುವ ಪ್ರೋಟೀನ್) ಬೇಕಿಲ್ಲ. ಹೇಗೆ ಸಾಯುತ್ತಿವೆ ಎನ್ನಲು ಬೇಕು. ಅಪೊಪ್ಟೋಸಿಸ್ ಎಂಬ ಕ್ರಮಬದ್ಧ ಸಾವು ನಡೆದಿದೆಯೇ ಎಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಮೊದಲು ಕೈಹಾಕುವುದು ಕ್ಲೀವ್ಡ್ ಕ್ಯಾಸ್ಪೇಸ್-3 ಆ್ಯಂಟಿಬಾಡಿಗೆ. ಹೆಸರೇ ಹೇಳುವಂತೆ (ಕ್ಲೀವ್ಡ್ ಎಂದರೆ ಕತ್ತರಿಸಲ್ಪಟ್ಟ) ಇದು ಕ್ಯಾಸ್ಪೇಸ್-3 ಪ್ರೋಟೀನ್ ಕತ್ತರಿಸಲ್ಪಟ್ಟಾಗ ಹುಟ್ಟುವ ತುಂಡನ್ನು ಮಾತ್ರ ಹಿಡಿಯುತ್ತದೆ.

ಈ ಪ್ರಯೋಗ ಕೈಕೊಟ್ಟಾಗ ಎಲ್ಲರೂ ಬಯ್ಯುವುದು ಆ್ಯಂಟಿಬಾಡಿಯನ್ನು. ನನ್ನ ಮಟ್ಟಿಗೆ ಹೇಳುವುದಾದರೆ, ಕೆಲಸ ಕೆಡುವುದು ಹೆಚ್ಚಾಗಿ ಆ್ಯಂಟಿಬಾಡಿಯ ಮುಚ್ಚಳ ತೆಗೆಯುವ ಮೊದಲೇ: ಸ್ಯಾಂಪಲ್ ತೆಗೆಯುವ ಕೈಯಲ್ಲಿ, ಇಡದೇ ಬಿಟ್ಟ ಕಂಟ್ರೋಲ್‌ನಲ್ಲಿ (ಉತ್ತರ ಮೊದಲೇ ಗೊತ್ತಿರುವ ಹೋಲಿಕೆಯ ಸ್ಯಾಂಪಲ್). ಆದ್ದರಿಂದ ಈ ಬರಹದಲ್ಲಿ ಆ ಎರಡಕ್ಕೇ ಹೆಚ್ಚು ಜಾಗ. ಮುಖ್ಯವಾಗಿ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಮೆಂಬ್ರೇನ್ ಎಂಬ ಹಾಳೆಗೆ ವರ್ಗಾಯಿಸಿ, ಬೇಕಾದದ್ದನ್ನು ಆ್ಯಂಟಿಬಾಡಿಯಿಂದ ಬ್ಯಾಂಡ್ ಎಂಬ ಗೆರೆಯಾಗಿ ತೋರಿಸುವ ವಿಧಾನ; ಒಂದು ಸ್ಯಾಂಪಲ್ ಓಡುವ ಸಾಲು ಒಂದು ಲೇನ್) ಹಿಡಿದೇ ಹೇಳುತ್ತೇನೆ, ಕೊನೆಯ ಕಡೆಗೆ ಮೈಕ್ರೋಸ್ಕೋಪಿ ಮತ್ತು ಫ್ಲೋ ಸೈಟೋಮೆಟ್ರಿಯ (ಕೋಶಗಳನ್ನು ಒಂದೊಂದಾಗಿ ಲೇಸರ್ ಮುಂದೆ ಹರಿಸಿ ಅಳೆಯುವ ವಿಧಾನ) ಮಾತೂ ಬರುತ್ತದೆ.

ಹುಡುಕುತ್ತಿರುವುದು ಏನನ್ನು?

1972ರಲ್ಲಿ ಕೆರ್, ವೈಲಿ ಮತ್ತು ಕರಿ ಅಪೊಪ್ಟೋಸಿಸ್ ಎಂದು ಹೆಸರಿಟ್ಟಾಗ ಅವರ ಕೈಯಲ್ಲಿದ್ದ ಪುರಾವೆ ಕೋಶದ ಆಕಾರ ಮಾತ್ರ: ಕುಗ್ಗಿದ ಕೋಶ, ಮುದ್ದೆಯಾದ ಕ್ರೊಮ್ಯಾಟಿನ್, ಪೊರೆ ಸುತ್ತಿದ ಚಿಕ್ಕ ಚಿಕ್ಕ ತುಣುಕುಗಳು. ಸಿ. ಎಲೆಗನ್ಸ್ ಹುಳುವಿನಲ್ಲಿ ಸಾವಿಗೆ ಬೇಕಾದ ಸೆಡ್-3 ಜೀನ್ ಒಂದು ಪ್ರೋಟಿಯೇಸ್‌ನ, ಅಂದರೆ ಪ್ರೋಟೀನ್ ಕತ್ತರಿಸುವ ಕಿಣ್ವದ, ನಕ್ಷೆ ಎಂದು 1993ರಲ್ಲಿ ಗೊತ್ತಾದ ಮೇಲೆ, ಸಾವನ್ನು ಒಂದು ಕಿಣ್ವದ ಕೆಲಸವಾಗಿ ಅಳೆಯುವ ದಾರಿ ತೆರೆಯಿತು. ಸಸ್ತನಿಗಳಲ್ಲಿ ಆ ಕುಟುಂಬಕ್ಕೆ ಕ್ಯಾಸ್ಪೇಸ್ ಎಂದು ಹೆಸರು. ಅದರಲ್ಲಿ ಕೊನೆಯ ಹಂತದ ಮುಖ್ಯ ಕೆಲಸಗಾರ ಕ್ಯಾಸ್ಪೇಸ್-3.

ಮನುಷ್ಯರ ಕ್ಯಾಸ್ಪೇಸ್-3ರಲ್ಲಿ 277 ಅಮೈನೋ ಆಮ್ಲಗಳಿವೆ. ಆರೋಗ್ಯವಾಗಿರುವ ಕೋಶದಲ್ಲೂ ಅದು ಧಾರಾಳವಾಗಿ ಇರುತ್ತದೆ, ಆದರೆ ಕೆಲಸ ಮಾಡದ ಪೂರ್ವರೂಪದಲ್ಲಿ. ಜೆಲ್‌ನಲ್ಲಿ ಈ ಪೂರ್ವರೂಪ 32ರಿಂದ 35 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಆಸುಪಾಸಿನಲ್ಲಿ ನಿಲ್ಲುತ್ತದೆ. ಸಾವಿನ ಸಂಕೇತ ಹೊರಗಿನಿಂದ ಬಂದರೆ ಕ್ಯಾಸ್ಪೇಸ್-8, ಮೈಟೋಕಾಂಡ್ರಿಯಾದ ದಾರಿಯಲ್ಲಿ ಬಂದರೆ ಕ್ಯಾಸ್ಪೇಸ್-9, ಇದನ್ನು 175ನೇ ಸ್ಥಾನದ ಆಸ್ಪಾರ್ಟೇಟ್ ಎಂಬ ಅಮೈನೋ ಆಮ್ಲ ಮುಗಿದ ಜಾಗದಲ್ಲೇ ಕತ್ತರಿಸುತ್ತವೆ. ಒಂದು ಕಡೆ 12 ಕಿಲೋಡಾಲ್ಟನ್ನಿನ ಚಿಕ್ಕ ತುಂಡು, ಇನ್ನೊಂದು ಕಡೆ ಸುಮಾರು 19ರ ದೊಡ್ಡ ತುಂಡು. ದೊಡ್ಡ ತುಂಡಿನ ಮುಂಭಾಗದ ಬಾಲವೂ ಉದುರಿದರೆ ಅದು 17ಕ್ಕೆ ಇಳಿಯುತ್ತದೆ. ಎರಡು ದೊಡ್ಡ ತುಂಡು, ಎರಡು ಚಿಕ್ಕ ತುಂಡು ಸೇರಿದರೆ ಪೂರ್ಣ ಚಟುವಟಿಕೆಯ ಕಿಣ್ವ.

ನಮ್ಮ ಆ್ಯಂಟಿಬಾಡಿ ಹಿಡಿಯುವುದು ಈ 17/19ರ ಜೋಡಿಯನ್ನು. 175ರಲ್ಲಿ ಕತ್ತರಿ ಬಿದ್ದಾಗ ಮಾತ್ರ ಹೊರಗೆ ಕಾಣುವ ತುದಿಯೇ ಅದರ ಗುರಿ, ಆದ್ದರಿಂದ ಇಡೀ ಪ್ರೋಟೀನನ್ನು ಅದು ಗುರುತಿಸುವುದಿಲ್ಲ. ಇದೇ ಅದರ ಬಲ.

ಹೆಜ್ಜೆ 1: ಯಾವ ಆ್ಯಂಟಿಬಾಡಿ?

ಮಾರಾಟಕ್ಕಿರುವ ಕ್ಯಾಸ್ಪೇಸ್-3 ಆ್ಯಂಟಿಬಾಡಿಗಳಲ್ಲಿ ಎರಡು ಬಗೆ. ಟೋಟಲ್ ಎನ್ನುವುದು ಪೂರ್ವರೂಪವನ್ನು ಹಿಡಿಯುತ್ತದೆ, ಕೆಲವು ತುಂಡುಗಳನ್ನೂ ಹಿಡಿಯುತ್ತವೆ. ಕ್ಲೀವ್ಡ್ ಎನ್ನುವುದು ತುಂಡನ್ನು ಮಾತ್ರ. ಕೆಲವರು ಟೋಟಲ್ ಒಂದನ್ನೇ ಕೊಂಡು, 35ರ ಬ್ಯಾಂಡ್ ತೆಳುವಾಯಿತು ಎಂದು ಅಪೊಪ್ಟೋಸಿಸ್ ಘೋಷಿಸುತ್ತಾರೆ. ನೂರರಲ್ಲಿ ಹತ್ತು ಭಾಗ ಕತ್ತರಿಸಲ್ಪಟ್ಟರೂ ಕೋಶ ಸಾಯಬಹುದು, ಆದರೆ ದಪ್ಪ ಬ್ಯಾಂಡೊಂದರಲ್ಲಿ ಹತ್ತು ಭಾಗ ಕಡಿಮೆಯಾದದ್ದು ಯಾವ ಕಣ್ಣಿಗೂ ಕಾಣದು. ಏನೂ ಇಲ್ಲದ ಜಾಗದಲ್ಲಿ ಹೊಸ ಬ್ಯಾಂಡ್ ಮೂಡಿದರೆ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ದುಡ್ಡಿದ್ದರೆ ಎರಡನ್ನೂ ಕೊಳ್ಳಿ. ಒಂದೇ ಸಾಧ್ಯವಾದರೆ ಕ್ಲೀವ್ಡ್ ಕೊಳ್ಳಿ.

ಮಾನೋಕ್ಲೋನಲ್ಲೋ (ಒಂದೇ ಬಗೆಯ ಅಣು) ಪಾಲಿಕ್ಲೋನಲ್ಲೋ (ಹಲವು ಬಗೆಯ ಅಣುಗಳ ಮಿಶ್ರಣ) ಎಂಬ ಪ್ರಶ್ನೆಗೆ ನನ್ನ ಉತ್ತರ ರೀಕಾಂಬಿನೆಂಟ್ ಮಾನೋಕ್ಲೋನಲ್. ಅದರ ಡಿಎನ್‌ಎ ಸರಣಿ ಗೊತ್ತಿರುವುದರಿಂದ ಎರಡು ವರ್ಷ ಬಿಟ್ಟು ತರಿಸಿದರೂ ಅದೇ ಅಣು ಬರುತ್ತದೆ. ಪಾಲಿಕ್ಲೋನಲ್ ಕೆಲವೊಮ್ಮೆ ಹೆಚ್ಚು ಗಾಢವಾದ ಸಿಗ್ನಲ್ ಕೊಡುತ್ತದೆ ನಿಜ, ಆದರೆ ಲಾಟ್ (ಒಂದು ಸಲದ ತಯಾರಿ) ಬದಲಾದಾಗ ವರ್ತನೆಯೂ ಬದಲಾಗಬಹುದು. ಹೊಸ ಲಾಟ್ ಬಂದಾಗಲೆಲ್ಲ ಹಳೆಯದರ ಪಕ್ಕ ಇಟ್ಟು ಪರೀಕ್ಷಿಸದೆ ಬಳಸಬಾರದು.

ಡೇಟಾಶೀಟ್ ಓದುವಾಗ ಮೊದಲ ಪುಟದ ಚೆಂದದ ಚಿತ್ರಕ್ಕಿಂತ ಈ ವಿವರಗಳನ್ನು ನೋಡಿ. ಇಮ್ಯುನೋಜೆನ್ (ಆ್ಯಂಟಿಬಾಡಿ ಹುಟ್ಟಿಸಲು ಪ್ರಾಣಿಗೆ ಕೊಟ್ಟ ವಸ್ತು) ಯಾವುದು: 175ರ ಪಕ್ಕದ ಪೆಪ್ಟೈಡ್ ಎಂದಿದೆಯೇ? ನಿಮ್ಮ ಪ್ರಾಣಿ ಯಾವುದು: ಮನುಷ್ಯ, ಇಲಿ, ಹೆಗ್ಗಣಗಳಲ್ಲಿ ಪರೀಕ್ಷೆ ಮಾಡಿದ್ದೋ, ಸರಣಿ ಹೋಲುತ್ತದೆ ಎಂದು ಊಹಿಸಿದ್ದೋ? ಯಾವ ವಿಧಾನಕ್ಕೆ: ಬ್ಲಾಟ್‌ನಲ್ಲಿ ಕೆಲಸ ಮಾಡುವುದೆಲ್ಲ ಮೇಣದಲ್ಲಿ ಹುದುಗಿಸಿದ ಅಂಗಾಂಶದ ಪ್ಯಾರಾಫಿನ್ ಸ್ಲೈಡಿನಲ್ಲಿ ಕೆಲಸ ಮಾಡುತ್ತದೆ ಎಂದೇನಿಲ್ಲ. ಯಾವ ಪ್ರಾಣಿಯಲ್ಲಿ ತಯಾರಾದದ್ದು: ಸೆಕೆಂಡರಿ ಆ್ಯಂಟಿಬಾಡಿ (ಮೊದಲು ಹಾಕುವ ಪ್ರೈಮರಿ ಆ್ಯಂಟಿಬಾಡಿಗೆ ಅಂಟಿ ಸಿಗ್ನಲ್ ಕೊಡುವುದು) ಅದಕ್ಕೆ ಹೊಂದಬೇಕು. ಇಲಿಯ ಅಂಗಾಂಶದ ಮೇಲೆ ಇಲಿಯಲ್ಲೇ ತಯಾರಾದ ಆ್ಯಂಟಿಬಾಡಿ ಹಾಕಿದರೆ, ಅಂಗಾಂಶದಲ್ಲೇ ಇರುವ ಇಮ್ಯುನೋಗ್ಲಾಬ್ಯುಲಿನ್‌ಗಳು (ಇಲಿಯದೇ ಆ್ಯಂಟಿಬಾಡಿಗಳು, ಸೆಕೆಂಡರಿ ಅವಕ್ಕೂ ಅಂಟುತ್ತದೆ) 50 ಮತ್ತು 25 ಕಿಲೋಡಾಲ್ಟನ್‌ನಲ್ಲಿ ದಪ್ಪ ಬ್ಯಾಂಡ್ ಕೊಡುತ್ತವೆ. 25ರದ್ದು ನಮ್ಮ 19ಕ್ಕೆ ಕಿರಿಕಿರಿ ಕೊಡುವಷ್ಟು ಹತ್ತಿರ. ಅಂಥ ಕಡೆ ಮೊಲದಲ್ಲಿ ತಯಾರಾದದ್ದು ವಾಸಿ. ಇವೆಲ್ಲ ಸಂಶೋಧನೆಗೆ ಮಾತ್ರ ಎಂಬ ಚೀಟಿ ಹೊತ್ತ ಸಾಮಗ್ರಿಗಳು; ರೋಗಿಯ ವರದಿ ಬರೆಯಲು ಅಲ್ಲ.

ಬಂದ ಟ್ಯೂಬನ್ನು ತೆರೆಯುವ ಮುನ್ನ ಒಂದು ಕ್ಷಣ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ. ನೂರು ಮೈಕ್ರೋಲೀಟರ್‌ನಲ್ಲಿ ಹತ್ತು ಮುಚ್ಚಳಕ್ಕೇ ಅಂಟಿಕೊಂಡಿರುವುದುಂಟು. ಶೇ 50ರಷ್ಟು ಗ್ಲಿಸರಾಲ್ ಇದ್ದರೆ ಮೈನಸ್ 20 ಡಿಗ್ರಿಯಲ್ಲಿ ಅದು ಗಟ್ಟಿಯಾಗುವುದಿಲ್ಲ, ಹಾಗೇ ಇಟ್ಟು ಬಳಸಬಹುದು. ಗ್ಲಿಸರಾಲ್ ಇಲ್ಲದ್ದನ್ನು ಚಿಕ್ಕ ಪಾಲುಗಳಾಗಿ ಹಂಚಿ ಫ್ರೀಜ್ ಮಾಡಿ, ಪ್ರತಿ ಪಾಲನ್ನೂ ಒಮ್ಮೆ ಮಾತ್ರ ಕರಗಿಸಿ. ತಾನಾಗಿ ಹಿಮ ಕರಗಿಸಿಕೊಳ್ಳುವ ಫ್ರೀಜರ್ ಬೇಡ. ಅದರೊಳಗಿನ ಉಷ್ಣತೆ ಏರಿಳಿಯುತ್ತಲೇ ಇರುತ್ತದೆ.

ಹೆಜ್ಜೆ 2: ಕಂಟ್ರೋಲ್‌ಗಳನ್ನು ಮೊದಲೇ ಸಾಲಾಗಿಸಿ

ಖಾಲಿ ಬ್ಲಾಟ್ ಬಂದಾಗ ಎರಡು ಅರ್ಥ ಸಾಧ್ಯ: ಕ್ಯಾಸ್ಪೇಸ್-3 ಕತ್ತರಿಸಲ್ಪಟ್ಟಿಲ್ಲ, ಅಥವಾ ನಿಮ್ಮ ಬ್ಲಾಟ್ ಕೆಲಸ ಮಾಡಿಲ್ಲ. ಪಾಸಿಟಿವ್ ಕಂಟ್ರೋಲ್ ಇಲ್ಲದಿದ್ದರೆ ಈ ಎರಡನ್ನು ಬೇರ್ಪಡಿಸಲು ಯಾವ ಉಪಾಯವೂ ಇಲ್ಲ.

ಹಳೆಯ, ನಂಬಬಹುದಾದ ಪಾಸಿಟಿವ್ ಕಂಟ್ರೋಲ್ ಎಂದರೆ ಜರ್ಕ್ಯಾಟ್ ಎಂಬ ರಕ್ತ ಕ್ಯಾನ್ಸರ್ ಕೋಶಗಳಿಗೆ 1 ಮೈಕ್ರೋಮೋಲಾರ್ ಸ್ಟಾರೋಸ್ಪೊರಿನ್ (ಅಪೊಪ್ಟೋಸಿಸ್ ಹುಟ್ಟಿಸುವ ಔಷಧ), 3ರಿಂದ 4 ಗಂಟೆ. ಹೀಲಾ ಕೋಶಗಳೂ ಒಗ್ಗುತ್ತವೆ. ಒಮ್ಮೆ ದೊಡ್ಡ ಪ್ರಮಾಣದಲ್ಲಿ ಮಾಡಿ, ಎಸ್‌ಡಿಎಸ್ ಬಫರ್‌ನಲ್ಲಿ ಕುದಿಸಿ, ಚಿಕ್ಕ ಪಾಲುಗಳಾಗಿ ಮೈನಸ್ 80ರಲ್ಲಿ ಇಟ್ಟುಕೊಂಡರೆ ಪ್ರತಿ ಜೆಲ್‌ಗೂ ಒಂದು ಲೇನ್ ಸಿದ್ಧ. ಸ್ಟಾರೋಸ್ಪೊರಿನ್ ವಿಷ, ಕೈಗವಸು ಇಲ್ಲದೆ ಮುಟ್ಟುವಂತಿಲ್ಲ. ಅದು ಡಿಎಂಎಸ್ಒ ಎಂಬ ದ್ರಾವಕದಲ್ಲಿ ಕರಗಿರುವುದರಿಂದ, ಅಷ್ಟೇ ಡಿಎಂಎಸ್ಒ ಮಾತ್ರ ಕುಡಿಸಿದ ಕೋಶಗಳ ಲೇನ್ ಪಕ್ಕದಲ್ಲೇ ಇರಬೇಕು.

ನೆಗೆಟಿವ್ ಕಂಟ್ರೋಲ್‌ಗೆ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಕೋಶಸಾಲು ಒಂದು ವರ. ಅದರ ಕ್ಯಾಸ್ಪೇಸ್-3 ಜೀನಿನ ಮೂರನೇ ಎಕ್ಸಾನ್‌ನಲ್ಲಿ 47 ಬೇಸ್‌ಗಳು ಬಿಟ್ಟುಹೋಗಿವೆ, ಪ್ರೋಟೀನ್ ತಯಾರಾಗುವುದೇ ಇಲ್ಲ. ಅದಕ್ಕೂ ಸ್ಟಾರೋಸ್ಪೊರಿನ್ ಹಾಕಿ ನೋಡಿ. ಆ ಲೇನ್‌ನಲ್ಲಿ 17ರ ಬಳಿ ಬ್ಯಾಂಡ್ ಬಂದರೆ ನಿಮ್ಮ ಆ್ಯಂಟಿಬಾಡಿ ಬೇರೆ ಏನನ್ನೋ ಹಿಡಿಯುತ್ತಿದೆ. ಇದೇ ಕಾರಣಕ್ಕೆ ಒಂದು ಎಚ್ಚರಿಕೆಯೂ ಇದೆ. ನಿಮ್ಮ ಔಷಧವನ್ನು ಎಂಸಿಎಫ್-7ರಲ್ಲೇ ಪರೀಕ್ಷಿಸುತ್ತಿದ್ದರೆ ಕ್ಲೀವ್ಡ್ ಕ್ಯಾಸ್ಪೇಸ್-3 ಎಂದೂ ಸಿಗದು. ಸ್ತನ ಕ್ಯಾನ್ಸರ್ ಪ್ರಯೋಗಾಲಯಗಳಲ್ಲಿ ಇದನ್ನು ಮರೆತು ವಾರಗಟ್ಟಲೆ ಬ್ಲಾಟ್ ಸರಿಪಡಿಸುತ್ತ ಕೂರುವುದು ಹೊಸತೇನಲ್ಲ. ಅಲ್ಲಿ ಅದೇ ಕುಟುಂಬದ ಕ್ಯಾಸ್ಪೇಸ್-7 ಮತ್ತು ಈ ಕಿಣ್ವಗಳು ಕತ್ತರಿಸುವ ಪಾರ್ಪ್ ಎಂಬ ಪ್ರೋಟೀನ್ ನೋಡಬೇಕು.

ಮೂರನೆಯದು, ಔಷಧದ ಜೊತೆಗೆ ಝಡ್-ವ್ಯಾಡ್-ಎಫ್ಎಂಕೆ ಎಂಬ ಕ್ಯಾಸ್ಪೇಸ್ ತಡೆಯನ್ನೂ, ಸಾಮಾನ್ಯವಾಗಿ 20 ಮೈಕ್ರೋಮೋಲಾರ್‌ನಂತೆ, ಮುಂಚಿತವಾಗಿ ಕೊಟ್ಟ ಲೇನ್. ಬ್ಯಾಂಡ್ ತೆಳುವಾಗಬೇಕು. ಕೋಶಗಳೂ ಬದುಕಿದರೆ ಸಾವು ಕ್ಯಾಸ್ಪೇಸ್‌ಗಳ ಮೇಲೆ ನಿಂತಿತ್ತು ಎನ್ನಲು ಆಧಾರ ಸಿಕ್ಕಂತೆ. ಬ್ಯಾಂಡ್ ಹೋದರೂ ಕೋಶಗಳು ಸಾಯುತ್ತಲೇ ಇದ್ದರೆ ಅದೂ ಒಂದು ಫಲಿತಾಂಶವೇ, ಬಹುಶಃ ಇನ್ನೂ ಕುತೂಹಲದ್ದು.

ಹೆಜ್ಜೆ 3: ಸಮಯ ಮತ್ತು ಸ್ಯಾಂಪಲ್

ಕತ್ತರಿಸಿದ ಕ್ಯಾಸ್ಪೇಸ್-3 ಬಂದು ಹೋಗುವ ಅತಿಥಿ. ಮೊದಲು ಇರುವುದಿಲ್ಲ, ಒಂದು ಹೊತ್ತಿನಲ್ಲಿ ಏರುತ್ತದೆ, ಕೋಶ ಒಡೆದು ಒಳಗಿನದ್ದು ಹೊರಗೆ ಸೋರಿದ ಮೇಲೆ ಕುಸಿಯುತ್ತದೆ. 24 ಗಂಟೆಯ ಒಂದೇ ಬಿಂದು ನೋಡಿ ಇಲ್ಲ ಎಂದು ಬರೆದುಬಿಟ್ಟರೆ, ಅದು 6ನೇ ಗಂಟೆಗೆ ಬಂದು ಹೋಗಿದ್ದಿರಬಹುದು. ಮೊದಲ ಸಲ 0, 2, 4, 8, 16, 24 ಗಂಟೆಗಳಂತೆ ಒಂದು ಸರಣಿ ಮಾಡಿ. ಬೇಗ ಕೊಲ್ಲುವ ಔಷಧಕ್ಕೆ ಮುಂಭಾಗದ ಬಿಂದುಗಳು, ಕೋಶಚಕ್ರವನ್ನು ತಡೆದು ನಿಧಾನವಾಗಿ ಕೊಲ್ಲುವುದಕ್ಕೆ 48ರವರೆಗೂ ಹಿಂಭಾಗದ ಬಿಂದುಗಳು ಮುಖ್ಯವಾಗುತ್ತವೆ.

ಇನ್ನು ಸ್ಯಾಂಪಲ್. ಇದೊಂದನ್ನು ಕೆಂಪಕ್ಷರದಲ್ಲಿ ಬರೆದು ಹುಡ್‌ಗೆ ಅಂಟಿಸಬೇಕು: ಮೀಡಿಯಂ ಚೆಲ್ಲಬೇಡಿ.

ತಳಕ್ಕೆ ಅಂಟಿ ಬೆಳೆಯುವ ಕೋಶಗಳನ್ನು ಕೊಯ್ಯುವ ಮಾಮೂಲಿ ಅಭ್ಯಾಸ ಏನು? ಮೀಡಿಯಂ (ಕೋಶಗಳು ಬೆಳೆಯುವ ದ್ರವ) ಹೀರಿ ಎಸೆಯುವುದು, ಪಿಬಿಎಸ್ ಎಂಬ ಉಪ್ಪಿನ ದ್ರಾವಣದಲ್ಲಿ ತೊಳೆಯುವುದು, ಕೋಶ ಒಡೆಯುವ ಲೈಸಿಸ್ ಬಫರ್ ಸುರಿಯುವುದು. ಅಪೊಪ್ಟೋಸಿಸ್‌ಗೆ ಒಳಗಾದ ಕೋಶ ಬೇಗನೆ ಹಿಡಿತ ಬಿಟ್ಟು ತೇಲುತ್ತದೆ. ಆ ಅಭ್ಯಾಸದಂತೆ ನಡೆದರೆ ನೀವು ಹುಡುಕುತ್ತಿರುವ ಕೋಶಗಳೆಲ್ಲ ವೇಸ್ಟ್ ಬಾಟಲಿಗೆ ಹೋಗಿ, ಬದುಕಿ ಉಳಿದವು ಮಾತ್ರ ಜೆಲ್‌ಗೆ ಬರುತ್ತವೆ. ಔಷಧ ಹೆಚ್ಚಿದಷ್ಟೂ ಬ್ಯಾಂಡ್ ತೆಳುವಾಗುವ ವಿಚಿತ್ರ ಫಲಿತಾಂಶಕ್ಕೆ ಇದು ಅತಿ ಸಾಮಾನ್ಯ ಕಾರಣಗಳಲ್ಲೊಂದು.

ಹೀಗೆ ಮಾಡಿ. ಪ್ಲೇಟನ್ನು ಐಸ್ ಮೇಲಿಡಿ. ಮೀಡಿಯಮನ್ನು ಟ್ಯೂಬಿಗೆ ತೆಗೆದುಕೊಳ್ಳಿ. ತಣ್ಣನೆಯ ಪಿಬಿಎಸ್‌ನಿಂದ ಪ್ಲೇಟನ್ನು ಒಮ್ಮೆ ಮೃದುವಾಗಿ ತೊಳೆದು, ಆ ನೀರನ್ನೂ ಅದೇ ಟ್ಯೂಬಿಗೆ ಸೇರಿಸಿ. 4 ಡಿಗ್ರಿಯಲ್ಲಿ, 500 ಜಿಯಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಮೇಲಿನ ದ್ರವ ತೆಗೆಯುವಾಗ ತಳದಲ್ಲಿ ಸ್ವಲ್ಪ ಬಿಟ್ಟೇ ತೆಗೆಯಿರಿ. ಸಾಯುತ್ತಿರುವ ಕೋಶಗಳ ಪೆಲ್ಲೆಟ್ (ತಳದಲ್ಲಿ ಕೂತ ಮುದ್ದೆ) ಸಡಿಲ, ಪೈಪೆಟ್ ತುದಿ ಹತ್ತಿರ ಬಂದರೆ ಸಾಕು ಎದ್ದು ಬರುತ್ತದೆ. ಪೆಲ್ಲೆಟ್ಟನ್ನು ಪಿಬಿಎಸ್‌ನಲ್ಲಿ ಇನ್ನೊಮ್ಮೆ ತೊಳೆಯಿರಿ, ಇಲ್ಲದಿದ್ದರೆ ಸೀರಮ್ಮಿನ ಆಲ್ಬುಮಿನ್ ಉಳಿದು ನಿಮ್ಮ ಪ್ರೋಟೀನ್ ಲೆಕ್ಕ ತಪ್ಪುತ್ತದೆ. ಈ ನಡುವೆ ಪ್ಲೇಟಿನಲ್ಲಿ ಉಳಿದ ಕೋಶಗಳ ಮೇಲೆ ರೀಪಾ ಎಂಬ ಲೈಸಿಸ್ ಬಫರ್ ಹಾಕಿ ಸ್ಕ್ರೇಪರ್‌ನಿಂದ ಕೆರೆದು, ಆ ದ್ರವವನ್ನೇ ಪೆಲ್ಲೆಟ್ ಇರುವ ಟ್ಯೂಬಿಗೆ ಸುರಿಯಿರಿ. ತೇಲಿದವೂ ಅಂಟಿದವೂ ಹೀಗೆ ಒಂದೇ ಸ್ಯಾಂಪಲ್ ಆದವು. ಔಷಧ ಹಾಕದ ಕಂಟ್ರೋಲ್ ಪ್ಲೇಟಿಗೂ ಇದೇ ಉಪಚಾರ ಆಗಲೇಬೇಕು.

ರೀಪಾಗೆ ಪ್ರೋಟಿಯೇಸ್ ಇನ್ಹಿಬಿಟರ್ ಮಿಶ್ರಣವನ್ನು ಬಳಸುವ ಹೊತ್ತಿನಲ್ಲೇ ಸೇರಿಸಿ. ಆದರೆ ಮಾಮೂಲಿ ಮಿಶ್ರಣಗಳು ಕ್ಯಾಸ್ಪೇಸ್‌ಗಳನ್ನು ಪೂರ್ತಿ ತಡೆಯುತ್ತವೆ ಎಂದು ನಂಬಿ ಕೂರುವಂತಿಲ್ಲ. ಟ್ಯೂಬ್ ಬೆಂಚಿನ ಮೇಲೆ ಬೆಚ್ಚಗೆ ಕೂತಿದ್ದರೆ ಕತ್ತರಿಸುವ ಕೆಲಸ ಅಲ್ಲೂ ಮುಂದುವರಿಯಬಹುದು. ಐಸ್ ಮೇಲೆ 15ರಿಂದ 30 ನಿಮಿಷ, ನಂತರ 14,000 ಜಿಯಲ್ಲಿ 15 ನಿಮಿಷ, ಮೇಲಿನ ತಿಳಿ ತೆಗೆದು ತಕ್ಷಣ ಬಿಸಿಎ ವಿಧಾನದಿಂದ ಪ್ರೋಟೀನ್ ಅಳೆಯಿರಿ. ಬ್ರ್ಯಾಡ್‌ಫರ್ಡ್ ವಿಧಾನಕ್ಕೆ ರೀಪಾದ ಡಿಟರ್ಜೆಂಟ್‌ಗಳು ಆಗಿಬರುವುದಿಲ್ಲ. ಲೈಸೇಟ್ (ಒಡೆದ ಕೋಶಗಳ ದ್ರವ) ಲೋಳೆಯಂತೆ ಎಳೆ ಬಂದರೆ ಅದು ಡಿಎನ್‌ಎ. ಸ್ವಲ್ಪ ಹೊತ್ತು ಸೋನಿಕೇಟ್ ಮಾಡಿ, ಅಂದರೆ ಶಬ್ದತರಂಗದಿಂದ ಅದನ್ನು ಒಡೆಯಿರಿ.

ಲೆಕ್ಕದ ಒಂದು ಮಾದರಿ: ಲೈಸೇಟ್ ಪ್ರತಿ ಮೈಕ್ರೋಲೀಟರಿಗೆ 2.5 ಮೈಕ್ರೋಗ್ರಾಂ ಇದೆ, ಲೇನ್‌ಗೆ 30 ಮೈಕ್ರೋಗ್ರಾಂ ಬೇಕು ಎಂದಿಟ್ಟುಕೊಳ್ಳಿ. 12 ಮೈಕ್ರೋಲೀಟರ್ ಲೈಸೇಟ್, 4 ಮೈಕ್ರೋಲೀಟರ್ ನಾಲ್ಕುಪಟ್ಟು ಸಾಂದ್ರತೆಯ ಲೆಮ್ಲಿ ಬಫರ್, ಒಟ್ಟು 16. 95 ಡಿಗ್ರಿಯಲ್ಲಿ 5 ನಿಮಿಷ. ಈ ತುಂಡು ವಿರಳವಾಗಿರುವುದರಿಂದ 20ಕ್ಕಿಂತ ಕಡಿಮೆ ಮೈಕ್ರೋಗ್ರಾಂ ಹಾಕಿ ಅದೃಷ್ಟ ಪರೀಕ್ಷಿಸಬೇಡಿ. 30ರಿಂದ 40 ಹಾಕಿದರೆ ನೆಮ್ಮದಿ.

ಹೆಜ್ಜೆ 4: ಜೆಲ್ ಮತ್ತು ಟ್ರಾನ್ಸ್‌ಫರ್

ಶೇ 10ರ ಜೆಲ್‌ನಲ್ಲಿ 17 ಕಿಲೋಡಾಲ್ಟನ್ನಿನ ತುಂಡು ಬಣ್ಣದ ಅಂಚಿನ ಜೊತೆಗೇ ಓಡಿ ಕಳೆದುಹೋಗಬಹುದು. ಶೇ 15ರ ಜೆಲ್ ಅಥವಾ 4–20ರ ಗ್ರೇಡಿಯೆಂಟ್ ಜೆಲ್ ಬಳಸಿ. ಪಾರ್ಪ್‌ನಂಥ ದೊಡ್ಡ ಪ್ರೋಟೀನನ್ನೂ ಅದೇ ಜೆಲ್‌ನಲ್ಲಿ ನೋಡುವುದಿದ್ದರೆ ಗ್ರೇಡಿಯೆಂಟೇ ಸರಿ. ಬಣ್ಣದ ಅಂಚು ತಳ ಮುಟ್ಟುವ ಮೊದಲೇ ನಿಲ್ಲಿಸಿ. ಗಟ್ಟಿಯಾಗದ ಆ್ಯಕ್ರಿಲಮೈಡ್ ನರಗಳಿಗೆ ವಿಷ ಎಂಬುದು ಜೆಲ್ ಎರಕ ಹೊಯ್ಯುವಾಗ ನೆನಪಿರಲಿ.

ಟ್ರಾನ್ಸ್‌ಫರ್‌ಗೆ 0.45 ಮೈಕ್ರಾನ್ ಅಲ್ಲ, 0.2 ಮೈಕ್ರಾನ್ ರಂಧ್ರದ ಪಿವಿಡಿಎಫ್ ಮೆಂಬ್ರೇನ್. ಚಿಕ್ಕ ತುಂಡು ದೊಡ್ಡ ರಂಧ್ರದಲ್ಲಿ ತೂರಿಕೊಂಡು ಆಚೆ ಹೋಗುತ್ತದೆ, ಹೆಚ್ಚು ಹೊತ್ತು ಟ್ರಾನ್ಸ್‌ಫರ್ ಮಾಡಿದಷ್ಟೂ ಹೆಚ್ಚು ಹೋಗುತ್ತದೆ. ಪಿವಿಡಿಎಫ್ ಅನ್ನು ಮೊದಲು ಮೆಥನಾಲ್‌ನಲ್ಲಿ ಅದ್ದಿ, ಶೇ 20 ಮೆಥನಾಲ್ ಇರುವ ಬಫರ್‌ನಲ್ಲಿ 100 ವೋಲ್ಟ್‌ಗೆ ಒಂದು ಗಂಟೆ, ತಂಪಾಗಿಟ್ಟು ನಡೆಸಿ. ರಾತ್ರಿಯಿಡೀ ನಡೆಸುವ ವಿಧಾನ ದೊಡ್ಡ ಪ್ರೋಟೀನ್‌ಗಳಿಗಿರಲಿ. ಅನುಮಾನವಿದ್ದರೆ ಹಿಂದೆ ಇನ್ನೊಂದು ಮೆಂಬ್ರೇನ್ ಇಟ್ಟು ನೋಡಿ. 15ರ ಮಾರ್ಕರ್ ಎರಡನೆಯದರಲ್ಲೂ ಕಂಡರೆ ಮೊದಲನೆಯದನ್ನು ದಾಟಿ ಬಂದಿದೆ ಎಂದರ್ಥ.

ನಂತರ ಪೊನ್ಸೊ ಎಸ್ ಬಣ್ಣ ಹಾಕಿ ಫೋಟೋ ತೆಗೆದಿಡಿ. ಗುಳ್ಳೆಯ ಕಲೆ, ಅರ್ಧ ಟ್ರಾನ್ಸ್‌ಫರ್ ಆದ ಮೂಲೆ ಎಲ್ಲ ಇಲ್ಲೇ ಗೊತ್ತಾಗುತ್ತದೆ. ಎರಡು ದಿನ ಕಾದು ತಿಳಿಯುವುದಕ್ಕಿಂತ ಇದು ಅಗ್ಗ.

ಹೆಜ್ಜೆ 5: ಆ್ಯಂಟಿಬಾಡಿ ಹಾಕುವುದು

ಇದು ಇಡೀ ಕೆಲಸದಲ್ಲಿ ಸಲೀಸಾದ ಭಾಗ, ಬೇಗ ಮುಗಿಸುತ್ತೇನೆ. ಶೇ 0.1 ಟ್ವೀನ್-20 ಸೇರಿದ ಟಿಬಿಎಸ್‌ನಲ್ಲಿ ಶೇ 5 ಕೊಬ್ಬಿಲ್ಲದ ಹಾಲಿನ ಪುಡಿ ಕದಡಿ, ಮೆಂಬ್ರೇನನ್ನು ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಬ್ಲಾಕ್ ಮಾಡಿ (ಆ್ಯಂಟಿಬಾಡಿ ಎಲ್ಲೆಂದರಲ್ಲಿ ಅಂಟದಂತೆ ಖಾಲಿ ಜಾಗ ಮುಚ್ಚುವುದು). ಪ್ರೈಮರಿಯನ್ನು 1:1000ರಿಂದ ಶುರುಮಾಡಿ, ಅಂದರೆ 10 ಮಿಲಿಲೀಟರಿಗೆ 10 ಮೈಕ್ರೋಲೀಟರ್. ಯಾವುದರಲ್ಲಿ ಬೆರೆಸಬೇಕು, ಹಾಲೋ ಬಿಎಸ್‌ಎಯೋ (ದನದ ಸೀರಮ್ಮಿನ ಆಲ್ಬುಮಿನ್) ಎಂಬುದಕ್ಕೆ ಡೇಟಾಶೀಟ್ ಹೇಳಿದ್ದೇ ಸರಿ. ಬದಲಿಸಿದರೆ ಸಿಗ್ನಲ್ ನಿಜಕ್ಕೂ ಬದಲಾಗುತ್ತದೆ. 4 ಡಿಗ್ರಿಯಲ್ಲಿ ರಾತ್ರಿಯಿಡೀ, ಮೆಲ್ಲಗೆ ಅಲುಗಾಡಿಸುತ್ತ.

ಮರುದಿನ ಮೂರು ಸಲ, ತಲಾ 5ರಿಂದ 10 ನಿಮಿಷ ತೊಳೆದು, ಎಚ್‌ಆರ್‌ಪಿ ಎಂಬ ಕಿಣ್ವ ಜೋಡಿಸಿದ ಸೆಕೆಂಡರಿಯನ್ನು ಒಂದು ಗಂಟೆ ಹಾಕಿ, ಮತ್ತೆ ಮೂರು ಸಲ ತೊಳೆದು, ಇಸಿಎಲ್ (ಆ ಕಿಣ್ವ ತಾಕಿದಾಗ ಬೆಳಕು ಕೊಡುವ ದ್ರವ) ಸುರಿದು ಚಿತ್ರ ತೆಗೆಯಿರಿ. ಪ್ರೈಮರಿಯನ್ನು ಮತ್ತೆ ಬಳಸಲೆಂದು ಸೋಡಿಯಂ ಅಝೈಡ್ ಹಾಕಿಟ್ಟಿದ್ದರೆ ತೊಳೆಯುವುದರಲ್ಲಿ ಜಿಪುಣತನ ಬೇಡ, ಸೆಕೆಂಡರಿಗಂತೂ ಅಝೈಡ್ ಹಾಕಲೇಬೇಡಿ. ಅದು ಎಚ್‌ಆರ್‌ಪಿಯನ್ನೇ ಮಲಗಿಸುತ್ತದೆ.

ಲೋಡಿಂಗ್ ಕಂಟ್ರೋಲ್ (ಎಲ್ಲ ಲೇನ್‌ಗಳಿಗೂ ಸಮನಾಗಿ ಸ್ಯಾಂಪಲ್ ಬಿದ್ದಿದೆಯೇ ಎಂದು ತೋರಿಸುವ ಪ್ರೋಟೀನ್) ಆರಿಸುವಾಗ ತೂಕ ನೋಡಿ. ಜಿಎಪಿಡಿಎಚ್ 36–37ರಲ್ಲಿ ನಿಲ್ಲುತ್ತದೆ. ಪೂರ್ವರೂಪ ಕ್ಯಾಸ್ಪೇಸ್-3 ಅದರ ಮಗ್ಗುಲಲ್ಲೇ ಇರುವುದರಿಂದ ಒಂದೇ ಮೆಂಬ್ರೇನಿನಲ್ಲಿ ಎರಡನ್ನೂ ನೋಡಿದರೆ ಗೊಂದಲ. ವಿನ್ಕ್ಯುಲಿನ್‌ಗೂ 116ರ ಪಾರ್ಪ್‌ಗೂ ಇದೇ ತಂಟೆ. 50–55ರ ಟ್ಯುಬುಲಿನ್ ಯಾರ ದಾರಿಗೂ ಅಡ್ಡ ಬರುವುದಿಲ್ಲ. ಆಕ್ಟಿನ್ ಕೆಲವು ಕೋಶಗಳಲ್ಲಿ ಸ್ವತಃ ಕ್ಯಾಸ್ಪೇಸ್‌ಗಳ ಬಾಯಿಗೆ ಬೀಳುತ್ತದೆ. ಸಾವು ಜೋರಾಗಿರುವ ಲೇನ್‌ಗಳಲ್ಲಿ ಯಾವುದೇ ಒಂದು ಪ್ರೋಟೀನಿಗಿಂತ ಒಟ್ಟು ಪ್ರೋಟೀನಿನ ಬಣ್ಣವನ್ನೇ ನಾನು ಹೆಚ್ಚು ನಂಬುತ್ತೇನೆ. ಹಳೆಯ ಆ್ಯಂಟಿಬಾಡಿ ಕಳಚಿ ಅದೇ ಮೆಂಬ್ರೇನನ್ನು ಮತ್ತೆ ಬಳಸುವುದಾದರೆ ಕ್ಲೀವ್ಡ್ ಕ್ಯಾಸ್ಪೇಸ್-3ರದ್ದೇ ಮೊದಲ ಸರದಿಯಾಗಲಿ. ಕಳಚುವಾಗ ಚಿಕ್ಕ ತುಂಡುಗಳು ಮೊದಲು ಉದುರಿಹೋಗುತ್ತವೆ.

ಹೆಜ್ಜೆ 6: ಬ್ಲಾಟ್ ಓದುವುದು

ಆದರ್ಶ ಚಿತ್ರದಲ್ಲಿ ಕಂಟ್ರೋಲ್ ಲೇನ್ ಖಾಲಿ, ಪಾಸಿಟಿವ್ ಲೇನ್‌ನಲ್ಲಿ 17 ಮತ್ತು 19ರಲ್ಲಿ ಎರಡು ಅಂಟಿಕೊಂಡ ಗೆರೆ. ಯಾವುದು ಗಾಢ ಎಂಬುದು ಕೋಶದಿಂದ ಕೋಶಕ್ಕೆ ಬೇರೆ. 19 ಮಾತ್ರ ಗಾಢವಾಗಿ ನಿಂತು 17 ಮಸುಕಾಗಿದ್ದರೆ ಅದನ್ನು ಕೆಟ್ಟ ಬ್ಲಾಟ್ ಎಂದು ತಳ್ಳಬೇಡಿ. ಎಕ್ಸ್‌ಐಎಪಿ ಎಂಬ ಪ್ರೋಟೀನ್ ಕತ್ತರಿಸಿದ ಕ್ಯಾಸ್ಪೇಸ್-3ಕ್ಕೆ ಅಂಟಿಕೊಂಡು ಅದರ ಕೆಲಸವನ್ನೂ, 17ಕ್ಕೆ ಇಳಿಯುವ ಮುಂದಿನ ಹಂತವನ್ನೂ ತಡೆಯಬಲ್ಲದು. ಮೊದಲ ಕತ್ತರಿ ಬಿದ್ದಿದೆ, ಕೆಲಸ ಅಲ್ಲಿಗೇ ನಿಂತಿದೆ ಎಂಬ ಸೂಚನೆ ಅದಾಗಿರಬಹುದು.

ಇದೇ ಕಾರಣಕ್ಕೆ ಪಾರ್ಪ್ ಅನ್ನು ಜೊತೆಗೆ ನೋಡಬೇಕು ಎನ್ನುವುದು. ಕ್ಯಾಸ್ಪೇಸ್-3 ನಿಜಕ್ಕೂ ಕೆಲಸ ಮಾಡಿದ್ದರೆ 116 ಕಿಲೋಡಾಲ್ಟನ್ನಿನ ಪಾರ್ಪ್-1 ಒಡೆದು 89ರ ತುಂಡು ಬರುತ್ತದೆ. ಕ್ಲೀವ್ಡ್ ಕ್ಯಾಸ್ಪೇಸ್-3 ಎಂದರೆ ಕಿಣ್ವ ಸಿದ್ಧ, ಪಾರ್ಪ್‌ನ 89 ಎಂದರೆ ಕಿಣ್ವ ಕೆಲಸ ಮಾಡಿದೆ. ಎರಡೂ ಇದ್ದರೆ ವಾದ ಗಟ್ಟಿ. ಪಾರ್ಪ್ ಒಂದೇ ಇದ್ದರೆ ಕ್ಯಾಸ್ಪೇಸ್-7 ನೆನಪಿಗೆ ಬರಲಿ.

ಬ್ಯಾಂಡ್ ಇಲ್ಲದಿರುವುದರಿಂದ ಕೋಶ ಸತ್ತಿಲ್ಲ ಎಂದಾಗದು. ಸಾವಿನ ಬೇರೆ ಬಗೆಗಳಿಗೆ ಬೇರೆ ಕೆಲಸಗಾರರು: ನೆಕ್ರಾಪ್ಟೋಸಿಸ್‌ನಲ್ಲಿ ಆರ್‌ಐಪಿಕೆ-3 ಮತ್ತು ಎಂಎಲ್‌ಕೆಎಲ್ ಪ್ರೋಟೀನ್‌ಗಳು, ಪೈರಾಪ್ಟೋಸಿಸ್‌ನಲ್ಲಿ ಗ್ಯಾಸ್‌ಡರ್ಮಿನ್-ಡಿ, ಫೆರಾಪ್ಟೋಸಿಸ್‌ನಲ್ಲಿ ಕಬ್ಬಿಣ ಮತ್ತು ಲಿಪಿಡ್ ಪೆರಾಕ್ಸೈಡ್‌ಗಳು. ಇವಕ್ಕೆ ಕ್ಯಾಸ್ಪೇಸ್-3 ಬೇಕಿಲ್ಲ. ತಿರುಗುಮುರುಗಾಗಿ, ಬ್ಯಾಂಡ್ ಇದ್ದರೂ ಶಾಂತವಾದ ಅಪೊಪ್ಟೋಸಿಸ್ ಎಂದಾಗದು. ಗ್ಯಾಸ್‌ಡರ್ಮಿನ್-ಇ ಹೆಚ್ಚಿರುವ ಕೋಶಗಳಲ್ಲಿ ಕ್ಯಾಸ್ಪೇಸ್-3 ಅದನ್ನೇ ಕತ್ತರಿಸಿ ಪೊರೆಗೆ ತೂತು ಹಾಕಿಸುತ್ತದೆ, ಕೋಶ ಊದಿ ಒಡೆಯುತ್ತದೆ. ಸ್ನಾಯುಕೋಶಗಳು ಬಲಿಯುವಾಗ ಸಾವಿಲ್ಲದೆಯೂ ಕ್ಯಾಸ್ಪೇಸ್-3 ಸ್ವಲ್ಪ ಮಟ್ಟಿಗೆ ಎಚ್ಚರಗೊಳ್ಳುತ್ತದೆ. ಹಾಗಾಗಿ ಬ್ಲಾಟ್ ಆಧಾರದ ಮೇಲೆ ಬರೆಯಬಹುದಾದ ವಾಕ್ಯ ‘ಕ್ಯಾಸ್ಪೇಸ್-3 ಕತ್ತರಿಸಲ್ಪಟ್ಟಿದೆ’ ಎಂಬುದಷ್ಟೇ. ಅಪೊಪ್ಟೋಸಿಸ್ ಎಂಬ ಪದಕ್ಕೆ ಅನೆಕ್ಸಿನ್-ವಿ (ಸಾಯುವ ಕೋಶದ ಪೊರೆಗೆ ಅಂಟುವ ಪ್ರೋಟೀನ್), ಕೋಶಕೇಂದ್ರದ ಆಕಾರ, ಝಡ್-ವ್ಯಾಡ್ ಫಲಿತಾಂಶಗಳಲ್ಲಿ ಒಂದಾದರೂ ಜೊತೆಗಿರಬೇಕು.

ಸಂಖ್ಯೆಗೆ ಇಳಿಸುವಾಗ ಸ್ಯಾಚುರೇಟ್ ಆದ ಚಿತ್ರ ಬಳಸಬೇಡಿ, ಕಪ್ಪಗೆ ಸುಟ್ಟ ಬ್ಯಾಂಡಿನಲ್ಲಿ ಅಳೆಯಲು ಏನೂ ಉಳಿದಿರುವುದಿಲ್ಲ. ಒಂದೇ ಲೈಸೇಟನ್ನು ಮೂರು ಸಲ ಓಡಿಸಿದರೆ ಮೂರು ಪ್ರಯೋಗ ಆಗುವುದಿಲ್ಲ. ಬೇರೆ ಬೇರೆ ದಿನ ಬೆಳೆಸಿ, ಬೇರೆ ಬೇರೆಯಾಗಿ ಔಷಧ ಹಾಕಿದ ಕೋಶಗಳು ಬೇಕು.

ಕೋಶವನ್ನೇ ನೋಡಬೇಕೆಂದರೆ

ಬ್ಲಾಟ್ ಸರಾಸರಿ ಹೇಳುತ್ತದೆ. ನೂರರಲ್ಲಿ ಐದು ಕೋಶ ಪೂರ್ತಿ ಸಾಯುತ್ತಿವೆಯೋ, ನೂರೂ ಸ್ವಲ್ಪ ಸ್ವಲ್ಪ ಎಚ್ಚರಗೊಂಡಿವೆಯೋ ಎಂಬುದು ಅದರಿಂದ ತಿಳಿಯದು. ಅದಕ್ಕೆ ಇಮ್ಯುನೋಫ್ಲೋರೆಸೆನ್ಸ್ (ಹೊಳೆಯುವ ಆ್ಯಂಟಿಬಾಡಿ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು) ಅಥವಾ ಫ್ಲೋ ಸೈಟೋಮೆಟ್ರಿ ಬೇಕು.

ಕವರ್‌ಸ್ಲಿಪ್ ಮೇಲಿನ ಕೋಶಗಳಿಗೆ ಶೇ 4 ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ಶೇ 0.3 ಟ್ರೈಟಾನ್ ಸೇರಿಸಿದ ಬ್ಲಾಕಿಂಗ್ ಒಂದು ಗಂಟೆ, ಪ್ರೈಮರಿ ರಾತ್ರಿಯಿಡೀ, ಫ್ಲೋರೆಸೆಂಟ್ ಸೆಕೆಂಡರಿ ಕತ್ತಲಲ್ಲಿ ಒಂದು ಗಂಟೆ, ಜೊತೆಗೆ ಕೋಶಕೇಂದ್ರಕ್ಕೆ ಬಣ್ಣ ಕೊಡುವ ಡಿಎಪಿಐ. ಇಲ್ಲೂ ತೇಲಿಹೋದ ಕೋಶಗಳ ಸಮಸ್ಯೆ ಇದೆ, ಪರಿಹಾರ ಕಷ್ಟ. ಆದ್ದರಿಂದ ಬ್ಲಾಟ್‌ಗಿಂತ ಮುಂಚಿನ ಸಮಯ ಆರಿಸಿಕೊಳ್ಳಿ ಮತ್ತು ತೊಳೆಯುವಾಗ ದ್ರವವನ್ನು ಅಂಚಿನಿಂದ ಇಳಿಬಿಡಿ. ನಿಜವಾದ ಕೋಶ ಹೇಗಿರುತ್ತದೆ ಎಂದರೆ ಸೈಟೋಪ್ಲಾಸಂ ತುಂಬ ಹೊಳಪು, ಡಿಎಪಿಐಯಲ್ಲಿ ಕುಗ್ಗಿದ ಇಲ್ಲವೇ ಚೂರಾದ ಕೋಶಕೇಂದ್ರ. ಕೋಶಕೇಂದ್ರ ದುಂಡಗೆ, ಆರೋಗ್ಯವಾಗಿದ್ದು ಎಲ್ಲ ಕೋಶಗಳೂ ಸಮನಾಗಿ ಮಿನುಗುತ್ತಿದ್ದರೆ ಅದು ಹಿನ್ನೆಲೆ. ಪ್ರೈಮರಿ ಇಲ್ಲದೆ ಸೆಕೆಂಡರಿ ಮಾತ್ರ ಹಾಕಿದ ಕವರ್‌ಸ್ಲಿಪ್ ಒಂದಿರಲಿ. ಪ್ಯಾರಾಫಿನ್ ಅಂಗಾಂಶಕ್ಕೆ ಪಿಎಚ್ 6.0ರ ಸಿಟ್ರೇಟ್ ಬಫರ್‌ನಲ್ಲಿ ಕಾಯಿಸುವ ಆ್ಯಂಟಿಜೆನ್ ರಿಟ್ರೀವಲ್ (ಮುಚ್ಚಿಹೋದ ಗುರಿಯನ್ನು ಮತ್ತೆ ತೆರೆಯುವುದು) ಸಾಮಾನ್ಯ ಆರಂಭ.

ಫ್ಲೋಗೆ ಫಿಕ್ಸ್ ಮಾಡಿದ ಮೇಲೆ ಶೇ 90ರ ತಣ್ಣನೆಯ ಮೆಥನಾಲ್‌ನಲ್ಲಿ 30 ನಿಮಿಷ. ಚೂರುಗಳೆಂದು ಗೇಟ್‌ನಿಂದ (ಲೆಕ್ಕಕ್ಕೆ ಹಿಡಿಯುವ ಬಿಂದುಗಳ ಸುತ್ತ ಎಳೆಯುವ ಗಡಿ) ಹೊರಗಿಡುವ ಸಣ್ಣ ಗಾತ್ರದ ಬಿಂದುಗಳಲ್ಲೇ ಕುಗ್ಗಿದ ಕೋಶಗಳೂ ಇರುತ್ತವೆ, ಗೇಟ್ ಎಳೆಯುವ ಮೊದಲು ಪಾಸಿಟಿವ್ ಕಂಟ್ರೋಲ್ ನೋಡಿ ಎಳೆಯಿರಿ.

ಕೆಟ್ಟಾಗ ಎಲ್ಲಿ ನೋಡಬೇಕು

ಪಾಸಿಟಿವ್ ಕಂಟ್ರೋಲ್‌ನಲ್ಲೂ ಬ್ಯಾಂಡ್ ಇಲ್ಲ: ಪೊನ್ಸೊ ಚಿತ್ರದಲ್ಲಿ 15–20ರ ಭಾಗ ಹೇಗಿದೆ ನೋಡಿ. ಅಲ್ಲೇ ಖಾಲಿಯಾಗಿದ್ದರೆ ಟ್ರಾನ್ಸ್‌ಫರ್‌ನ ತಪ್ಪು. ಅಲ್ಲಿ ಪ್ರೋಟೀನ್ ಇದ್ದರೆ ಸೆಕೆಂಡರಿ ಹೊಂದುತ್ತದೆಯೇ, ಇಸಿಎಲ್ ಅವಧಿ ಮೀರಿದೆಯೇ ನೋಡಿ. ಕತ್ತಲಲ್ಲಿ ಇಸಿಎಲ್‌ಗೆ ಒಂದು ಹನಿ ಸೆಕೆಂಡರಿ ಹಾಕಿದರೆ ಹೊಳೆಯಬೇಕು.

ಪಾಸಿಟಿವ್‌ನಲ್ಲಿ ಇದೆ, ನಿಮ್ಮ ಔಷಧದಲ್ಲಿ ಇಲ್ಲ: ಸಮಯ ಸರಣಿ, ತೇಲುವ ಕೋಶಗಳು, ಕೋಶಸಾಲಿನಲ್ಲಿ ಕ್ಯಾಸ್ಪೇಸ್-3 ಇದೆಯೇ ಎಂಬುದು, ಈ ಕ್ರಮದಲ್ಲಿ. ಮೂರೂ ಸರಿಯಿದ್ದರೆ ಬೇರೆ ಬಗೆಯ ಸಾವು.

ಔಷಧ ಹಾಕದ ಲೇನ್‌ನಲ್ಲೂ ಬ್ಯಾಂಡ್: ಕೋಶಗಳು ಕಿಕ್ಕಿರಿದು ಬೆಳೆದು ಹಸಿದಿದ್ದವೇ? ಹಾಗಿದ್ದರೆ ಸ್ವಲ್ಪ ಸಾವು ಸಹಜ. ಹಾಗಿಲ್ಲವಾದರೆ ಎಂಸಿಎಫ್-7 ಲೇನ್ ನೋಡಿ.

ಎಲ್ಲ ಲೇನ್‌ಗಳಲ್ಲೂ ಒಂದೇ ಅಳತೆಯ ಇನ್ನೊಂದು ಬ್ಯಾಂಡ್: ಪ್ರೈಮರಿಯನ್ನು ಇನ್ನಷ್ಟು ತೆಳು ಮಾಡಿ. ಹೋಗದಿದ್ದರೆ ಅದನ್ನು ಕತ್ತರಿಸಿ ಬಿಸಾಡದೆ ಇಡೀ ಬ್ಲಾಟ್ ಪೂರಕ ಮಾಹಿತಿಯಲ್ಲಿ ತೋರಿಸಿ.

ಬರೆದಿಡಬೇಕಾದದ್ದು

ನೋಟ್‌ಬುಕ್ಕಿನಲ್ಲೂ ಪ್ರಬಂಧದಲ್ಲೂ ಕಂಪನಿಯ ಹೆಸರು ಮಾತ್ರ ಸಾಲದು. ಕ್ಯಾಟಲಾಗ್ ಸಂಖ್ಯೆ, ಕ್ಲೋನ್, ಲಾಟ್ ಸಂಖ್ಯೆ, ಆರ್‌ಆರ್‌ಐಡಿ (ಸಂಶೋಧನಾ ಸಾಮಗ್ರಿಗೆ ಕೊಡುವ ಪ್ರತ್ಯೇಕ ಗುರುತು), ಬಳಸಿದ ಸಾಂದ್ರತೆ, ಬೆರೆಸಿದ ಬಫರ್, ಎಷ್ಟು ಮೈಕ್ರೋಗ್ರಾಂ ಲೋಡ್ ಮಾಡಿದ್ದು, ಮೆಂಬ್ರೇನಿನ ರಂಧ್ರದ ಗಾತ್ರ. ಇವುಗಳ ಜೊತೆ ವಿಧಾನದ ಭಾಗದಲ್ಲಿ ಬಹಳಷ್ಟು ಪ್ರಬಂಧಗಳು ಬಿಟ್ಟುಬಿಡುವ ಒಂದು ವಾಕ್ಯವನ್ನೂ ಸೇರಿಸಿ: ತೇಲುತ್ತಿದ್ದ ಕೋಶಗಳನ್ನು ಅಂಟಿದ ಕೋಶಗಳ ಜೊತೆ ಒಟ್ಟುಗೂಡಿಸಲಾಗಿದೆಯೇ, ಇಲ್ಲವೇ.